ಹೊರಗಡೆ ಸರ್ವೀಸ್ ಮಾಡಿಸಿದ ಗಾಡಿ, ಮೂರು ಕ್ಲೇಮು: ವಾರಂಟಿ ನಿರಾಕರಣೆಯ ಒಂದು ಪ್ರಕರಣ

ಗಾಡಿಯ ಮಾಲೀಕರು, ಗ್ಯಾರೇಜು, ಡೀಲರ್, ಕಂಪನಿ ಯಾವುದೆಂದು ಗೊತ್ತಾಗದಂತೆ ಊರಿನ ಹೆಸರು, ಮಾದರಿಯ ಹೆಸರು ಕೈಬಿಡಲಾಗಿದೆ. ಇದೇ ಬಗೆಯ ಜಗಳ ಎಲ್ಲ ಕಂಪನಿಗಳ ಸರ್ವೀಸ್ ಸೆಂಟರಿನಲ್ಲೂ ನಡೆಯುವುದರಿಂದ ಅದರಿಂದ ಏನೂ ನಷ್ಟವಿಲ್ಲ.

ಹಿನ್ನೆಲೆ

1.5 ಲೀಟರ್ ಡೀಸೆಲ್ ಎಂಜಿನ್‌ನ ಬಿಎಸ್6 ಗಾಡಿ, 2021ರ ಮಾರ್ಚ್‌ನಲ್ಲಿ ಕೊಂಡದ್ದು. ವಾರಂಟಿ 3 ವರ್ಷ ಅಥವಾ 1 ಲಕ್ಷ ಕಿ.ಮೀ., ಯಾವುದು ಮೊದಲೋ ಅದು. ಮಾಲೀಕರಿಗೆ ಮಧ್ಯ ಕರ್ನಾಟಕದ ಒಂದು ತಾಲ್ಲೂಕು ಕೇಂದ್ರದಲ್ಲಿ ಬೀಜ-ಗೊಬ್ಬರದ ಅಂಗಡಿ. ಮನೆಯಿಂದ ಅಂಗಡಿಗೆ 4 ಕಿ.ಮೀ., ದಿನಾ ಹೋಗಿ ಬರುವುದು ಅದೇ ಗಾಡಿಯಲ್ಲಿ; ತಿಂಗಳಿಗೆ ಎರಡು ಮೂರು ಸಲ ದೂರದ ಪ್ರಯಾಣ. ಅಧಿಕೃತ ಸರ್ವೀಸ್ ಸೆಂಟರ್ ಇರುವುದು 80 ಕಿ.ಮೀ. ಆಚೆ.

10,000 ಮತ್ತು 20,000 ಕಿ.ಮೀ. ಸರ್ವೀಸ್ ಶೋರೂಮಿನಲ್ಲೇ ಆಯಿತು, ಲೇಬರ್ ಉಚಿತವಾಗಿತ್ತು. 30,000ದ ಹೊತ್ತಿಗೆ ಉಚಿತ ಮುಗಿದಿತ್ತು. ಶೋರೂಮಿನ ಎಸ್ಟಿಮೇಟ್ 11,000 ರೂಪಾಯಿ ದಾಟಿತು, ಜೊತೆಗೆ ಒಂದು ದಿನದ ವ್ಯಾಪಾರವೂ ಹೋಗುತ್ತದೆ. 2023ರ ಜನವರಿಯಲ್ಲಿ ಊರಿನ ಗ್ಯಾರೇಜಿನಲ್ಲೇ 6,200ಕ್ಕೆ ಕೆಲಸ ಮುಗಿಯಿತು.

ಅಲ್ಲಿನ ಮೆಕ್ಯಾನಿಕ್ ಹಳಬರು, ಕೈ ಒಳ್ಳೆಯದು. ಆದರೆ ಡೀಸೆಲ್ ಎಂಜಿನ್ನಿಗೆ ದಪ್ಪ ಆಯಿಲ್ಲೇ ಸರಿ ಎಂಬ ಹಳೆಯ ಲೆಕ್ಕದಲ್ಲಿ 15ಡಬ್ಲ್ಯೂ-40 ಗ್ರೇಡಿನ (ಇದು ದಪ್ಪದ ಅಳತೆ), ಸಿಐ-4 ಪ್ಲಸ್ ದರ್ಜೆಯ (ಇದು ಗುಣಮಟ್ಟದ ವರ್ಗ) ಆಯಿಲ್ 5 ಲೀಟರ್ ಹಾಕಿದರು. ಗಾಡಿಯ ಮ್ಯಾನುಯಲ್ ಕೇಳಿದ್ದು 5ಡಬ್ಲ್ಯೂ-30 ಗ್ರೇಡ್, ಯುರೋಪಿನ ಎಸಿಇಎ ಮಾನದಂಡದ ಸಿ3 ದರ್ಜೆ. ಆಯಿಲ್ ಫಿಲ್ಟರ್ ಮಾತ್ರ ಚೆನ್ನಾಗಿತ್ತು: ಕಂಪನಿಗೇ ಫಿಲ್ಟರ್ ಪೂರೈಸುವ ತಯಾರಕರು ತಮ್ಮದೇ ಡಬ್ಬಿಯಲ್ಲಿ ಮಾರುವ ಮಾಲು. ರಾತ್ರಿ ಹೈವೇಗೆ ಬೆಳಕು ಸಾಲದೆಂದು 60/55 ವ್ಯಾಟ್‌ನ ಎಚ್4 ಬಲ್ಬ್ ತೆಗೆದು 100/90 ಬಲ್ಬನ್ನು ರಿಲೇ (ಹೆಚ್ಚಿನ ಕರೆಂಟನ್ನು ಬೇರೆ ವೈರಿನಲ್ಲಿ ಸಾಗಿಸುವ ಸ್ವಿಚ್) ಇಲ್ಲದೆ ಹಳೆ ಹೋಲ್ಡರಿಗೇ ಸಿಕ್ಕಿಸಿದರು. ಬಿಲ್ಲಿನಲ್ಲಿ ಬರೆದದ್ದು ಇಷ್ಟೇ: ‘ಆಯಿಲ್ 5 ಲೀ., ಫಿಲ್ಟರ್ 2, ಬಲ್ಬ್ 2, ಲೇಬರ್’. ಬ್ರಾಂಡ್ ಇಲ್ಲ, ದರ್ಜೆ ಇಲ್ಲ, ಮೀಟರ್ ರೀಡಿಂಗೂ ಇಲ್ಲ.

ಸಮಸ್ಯೆ

2023ರ ಸೆಪ್ಟೆಂಬರ್, 38,600 ಕಿ.ಮೀ. ಸ್ಟೀರಿಂಗ್ ಕಲ್ಲಿನಂತೆ ಬಿಗಿಯಾಯಿತು, ಪವರ್ ಸ್ಟೀರಿಂಗಿನ ದೀಪ ಹೊತ್ತಿಕೊಂಡಿತು. ಎಂಜಿನ್ ಲೈಟ್, ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಲೈಟ್ ಎರಡೂ ಬಂದು ಗಾಡಿ ಪಿಕಪ್ ಕಳೆದುಕೊಂಡಿತು. ಎಡಗಡೆಯ ಹೆಡ್‌ಲೈಟ್ ಮಂಕಾಗಿ ಮಿಣುಕುತ್ತಿತ್ತು. ಹೋಲ್ಡರಿನ ಪ್ಲಾಸ್ಟಿಕ್ ಕರಗಿ ಕಂದುಬಣ್ಣಕ್ಕೆ ತಿರುಗಿತ್ತು. ಗಾಡಿ ಶೋರೂಮಿಗೆ ಹೋಯಿತು.

ಕೌಂಟರಿನಲ್ಲಿ ನಡೆದ ಮಾತು ಚಿಕ್ಕದು.

“ಸರ್, ಮೂವತ್ತು ಸಾವಿರದ ಸರ್ವೀಸ್ ನಮ್ಮ ಸಿಸ್ಟಮ್‌ನಲ್ಲಿ ಕಾಣ್ತಿಲ್ಲ. ಹೊರಗಡೆ ಮಾಡ್ಸಿದ್ರಾ?”

“ಹೌದು, ಊರಲ್ಲೇ ಮಾಡ್ಸಿದ್ದು.”

“ಹಾಗಾದ್ರೆ ವಾರಂಟಿ ಬರಲ್ಲ ಸರ್. ಮೂರಕ್ಕೂ.”

ಎಸ್ಟಿಮೇಟ್ ಕೈಗೆ ಬಂತು. ಡಿಪಿಎಫ್ ಅಸೆಂಬ್ಲಿ 1,18,000, ಸ್ಟೀರಿಂಗ್ ಕಾಲಂ ಮೋಟಾರ್ ಸಮೇತ 41,500, ಹೆಡ್‌ಲೈಟ್ ಹೋಲ್ಡರ್ ಮತ್ತು ವೈರಿಂಗ್ 6,400. ಒಟ್ಟು 1,65,900 ರೂಪಾಯಿ.

ಇಲ್ಲಿ ಮಾಲೀಕರು ತೆಗೆದುಕೊಂಡ ಒಂದು ನಿರ್ಧಾರವೇ ಮುಂದಿನದನ್ನೆಲ್ಲ ಉಳಿಸಿತು. ಎಸ್ಟಿಮೇಟಿಗೆ ಒಪ್ಪಿಗೆಯ ಸಹಿ ಹಾಕಲಿಲ್ಲ, ಗಾಡಿಯನ್ನು ವಾಪಸ್ ಒಯ್ಯಲೂ ಇಲ್ಲ. ಮೂರು ದೂರನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆಸಿ ಜಾಬ್ ಕಾರ್ಡ್ (ದೂರು, ಕೆಲಸ ದಾಖಲಿಸುವ ಹಾಳೆ) ತೆರೆಸಿದರು, ಪ್ರತಿ ಪಡೆದರು. ವಾರಂಟಿ ಅವಧಿಯೊಳಗೆ ದೂರು ಬಂದಿತ್ತು ಎನ್ನುವುದಕ್ಕೆ ಜಾಬ್ ಕಾರ್ಡಿನ ದಿನಾಂಕಕ್ಕಿಂತ ಗಟ್ಟಿ ಸಾಕ್ಷಿ ಇಲ್ಲ. ಬಾಯಿಮಾತಿನಲ್ಲಿ ‘ಆಗಲ್ಲ’ ಅಂದಾಗ ಸಿಟ್ಟಿನಿಂದ ಗಾಡಿ ಹೊರಡಿಸಿಕೊಂಡು ಹೋದವರಿಗೆ ಆರು ತಿಂಗಳ ನಂತರ ತೋರಿಸಲು ಏನೂ ಇರುವುದಿಲ್ಲ.

ಏನೇನು ಪ್ರಯತ್ನಿಸಲಾಯಿತು

ಮೊದಲು ಡೀಲರ್‌ಗೆ ಇಮೇಲ್, ಕಂಪನಿಯ ಗ್ರಾಹಕ ಸೇವಾ ವಿಭಾಗಕ್ಕೆ ಪ್ರತಿ. ಕೇಳಿದ್ದು ನಾಲ್ಕು: ಮೂರೂ ಕ್ಲೇಮುಗಳ ನಿರಾಕರಣೆಗೆ ಪ್ರತ್ಯೇಕ ಲಿಖಿತ ಕಾರಣ, ಸ್ಕ್ಯಾನರ್ ವರದಿಯ ಪ್ರಿಂಟ್, ಕೆಟ್ಟ ಭಾಗಗಳ ಫೋಟೊ, ವಾರಂಟಿ ಪುಸ್ತಕದ ಯಾವ ಷರತ್ತಿನಡಿ ನಿರಾಕರಣೆ ಎಂಬುದು. ಜೊತೆಗೆ ಎರಡು ನಿರ್ಬಂಧ: ಗಾಡಿಯ ಕಂಪ್ಯೂಟರ್ ದಾಖಲಿಸಿಟ್ಟ ದೋಷದ ಕೋಡ್ ಅಳಿಸಬಾರದು, ಎಂಜಿನ್ ಆಯಿಲ್ ಬಸಿಯಬಾರದು.

ಬಂದ ಉತ್ತರ ಒಂದೇ ಸಾಲು. 30,000 ಕಿ.ಮೀ. ಸರ್ವೀಸನ್ನು ಅಧಿಕೃತ ವರ್ಕ್‌ಶಾಪಿನಲ್ಲಿ ಮಾಡಿಸದ ಕಾರಣ ವಾರಂಟಿ ಅನ್ವಯಿಸುವುದಿಲ್ಲ. ಸ್ಕ್ಯಾನರ್ ಪ್ರಿಂಟ್ ಮಾತ್ರ ಲಗತ್ತಿಸಿದ್ದರು. ಅದನ್ನು ಕಳಿಸಿದವರು ಓದಿ ಕಳಿಸಿದ್ದರೋ ಇಲ್ಲವೋ, ಪ್ರಕರಣ ತಿರುಗಿದ್ದು ಆ ಹಾಳೆಯಿಂದ.

ಮಾಲೀಕರ ಎರಡನೆಯ ಪತ್ರ ಪೂರ್ತಿ ಭಾರತೀಯ ಸ್ಪರ್ಧಾ ಆಯೋಗದ ಆದೇಶದ ಮೇಲೆ ನಿಂತಿತ್ತು. 2014ರ ಆಗಸ್ಟ್ 25ರ ಆ ಆದೇಶ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕಿತ್ತು. ಹೊರಗಿನ ರಿಪೇರಿಯ ಕಾರಣಕ್ಕೇ ಇಡೀ ವಾರಂಟಿ ರದ್ದು ಮಾಡುವಂತಿಲ್ಲ, ಹೊರಗಿನ ತಪ್ಪು ಕೆಲಸದಿಂದ ಆದ ಹಾನಿಯ ಮಟ್ಟಿಗೆ ಮಾತ್ರ ನಿರಾಕರಿಸಬಹುದು ಎಂದೂ ಹೇಳಿತ್ತು. ತತ್ವ ಸ್ಪಷ್ಟ. ಆದರೆ ಆದೇಶ ಹೊರಬಿದ್ದದ್ದು ಹೆಸರಿಸಿದ ಕಂಪನಿಗಳ ವಿರುದ್ಧ, ಅದರ ಮೇಲೆ ಮೇಲ್ಮನವಿಗಳು ನಡೆದವು. 2016ರ ಡಿಸೆಂಬರ್‌ನಲ್ಲಿ ಮೇಲ್ಮನವಿ ನ್ಯಾಯಮಂಡಳಿ ಮೂರು ಕಂಪನಿಗಳ ಮಟ್ಟಿಗೆ ದಂಡ ಇಳಿಸಿತು, ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು. ಕಂಪನಿಯ ಕಾನೂನು ವಿಭಾಗಕ್ಕೆ ಇಷ್ಟು ಸಾಕು. ‘ವಿಷಯ ಮೇಲ್ಮನವಿಯಲ್ಲಿದೆ’ ಎಂದು ಎರಡು ವಾರ ಬಿಟ್ಟು ಉತ್ತರಿಸಿತು. ಅಂತರ್ಜಾಲದಲ್ಲಿ ಈ ಆದೇಶವನ್ನು ಬ್ರಹ್ಮಾಸ್ತ್ರದಂತೆ ಹಂಚುತ್ತಾರೆ; ಸರ್ವೀಸ್ ಸೆಂಟರಿನ ಕೌಂಟರಿನಲ್ಲಿ ಅದರಿಂದ ಆಗುವ ಕೆಲಸ ಕಡಿಮೆ. ಪತ್ರದ ಕೊನೆಗೆ ಒಂದು ಪ್ಯಾರಾ ಇರಲಿ, ಪತ್ರವೇ ಅದಾಗುವುದು ಬೇಡ.

ಮೂರನೆಯ ಪತ್ರದ ಹೊತ್ತಿಗೆ ದಾರಿ ಬದಲಾಯಿತು. ವಾರಂಟಿ ಪುಸ್ತಕದಲ್ಲಿ ಎರಡು ಷರತ್ತು ಇದ್ದವು. ಸರ್ವೀಸ್ ಅಧಿಕೃತ ವರ್ಕ್‌ಶಾಪಿನಲ್ಲೇ ಆಗಬೇಕು ಎಂಬುದು ಒಂದು. ಶಿಫಾರಸು ಮಾಡದ ಆಯಿಲ್ ಅಥವಾ ಬಿಡಿಭಾಗದಿಂದ ಉಂಟಾದ ಹಾನಿಗೆ ವಾರಂಟಿ ಇಲ್ಲ ಎಂಬುದು ಇನ್ನೊಂದು. ಹೊರಗಡೆ ಹೋದರೆ ಸಾಕು ಎಲ್ಲವೂ ರದ್ದು ಎಂದಾದರೆ ಎರಡನೆಯ ಷರತ್ತಿಗೆ ಕೆಲಸವೇ ಇಲ್ಲ. ಹಾಗಾಗಿ ಹೊರಗೋ ಒಳಗೋ ಎಂಬ ವಾದ ಬಿಟ್ಟು, ಗ್ಯಾರೇಜಿನ ಯಾವ ಕೆಲಸದಿಂದ ಯಾವ ಭಾಗ ಹೇಗೆ ಕೆಟ್ಟಿತು ಎಂದು ಒಂದೊಂದಾಗಿ ತೋರಿಸಿ ಎಂದು ಪತ್ರ ಕೇಳಿತು. 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ, ಅದೇ ದೂರು ದಾಖಲಾಯಿತು. ಮೂರು ವಾರದಲ್ಲಿ ಕಂಪನಿಯ ಏರಿಯಾ ಸರ್ವೀಸ್ ಮ್ಯಾನೇಜರ್ ಫೋನ್ ಮಾಡಿ ಜಂಟಿ ತಪಾಸಣೆಗೆ ಒಪ್ಪಿದರು.

ತಪಾಸಣೆಯ ದಿನ

ಹೆಡ್‌ಲೈಟಿನದು ಐದು ನಿಮಿಷದ ಮಾತು. 12 ವೋಲ್ಟಿನಲ್ಲಿ 60 ವ್ಯಾಟ್ ಬಲ್ಬ್ 5 ಆಂಪಿಯರ್ ಎಳೆದರೆ 100 ವ್ಯಾಟ್ ಬಲ್ಬ್ 8.3 ಆಂಪಿಯರ್ ಎಳೆಯುತ್ತದೆ. ಎರಡೂ ಕಡೆ ಸೇರಿ 10 ಇದ್ದದ್ದು 16ರ ಮೇಲೆ ಹೋಗುತ್ತದೆ. ಸಣ್ಣ ಗೇಜಿನ ವೈರು, ಪ್ಲಾಸ್ಟಿಕ್ ಹೋಲ್ಡರು ಅದನ್ನು ತಡೆಯುವುದಿಲ್ಲ. ಮಾಲೀಕರು ವಾದಿಸಲಿಲ್ಲ, 6,400 ಕೊಟ್ಟು ಸರಿಮಾಡಿಸಿ, 60/55 ಬಲ್ಬಿಗೇ ಮರಳಿದರು. ಸೋಲುವ ಕ್ಲೇಮನ್ನು ತಾವಾಗಿಯೇ ಬಿಟ್ಟದ್ದು ಉಳಿದೆರಡರಲ್ಲಿ ಅವರ ಮಾತಿಗೆ ತೂಕ ತಂದಿತು.

ಕಂಪನಿಯವರು ಅದೇ ಬಲ್ಬನ್ನು ಹಿಡಿದು ಸ್ಟೀರಿಂಗಿನ ಕಡೆ ತಿರುಗಿದರು: ಹೆಚ್ಚಿನ ಲೋಡಿನಿಂದ ವೋಲ್ಟೇಜ್ ಕುಸಿದು ಮೋಟಾರ್ ಕೆಟ್ಟಿರಬಹುದು. ಕೇಳಲು ಸರಿ ಅನ್ನಿಸುವ ವಾದ. ಅಳೆದು ನೋಡಲಾಯಿತು. ಹೆಡ್‌ಲೈಟ್, ಎಸಿ, ಬ್ಲೋವರ್ ಎಲ್ಲವನ್ನೂ ಹಾಕಿ, ಎಂಜಿನ್ ಐಡಲ್‌ನಲ್ಲಿ ಬ್ಯಾಟರಿ ಟರ್ಮಿನಲ್‌ನಲ್ಲಿ 13.9 ವೋಲ್ಟ್. ಸ್ಟೀರಿಂಗ್ ಮೋಟಾರಿಗೆ ಬ್ಯಾಟರಿಯಿಂದ ನೇರ ಸಪ್ಲೈ, ಅದರದೇ ದೊಡ್ಡ ಫ್ಯೂಸ್, ಹೆಡ್‌ಲೈಟ್ ಸರ್ಕಿಟ್ ಬೇರೆ. ಕಾಲಂನ ಟಾರ್ಕ್ ಸೆನ್ಸರ್ (ಸ್ಟೀರಿಂಗ್ ತಿರುಗಿಸುವ ಬಲ ಅಳೆಯುವುದು) ದೋಷವೇ ಕೋಡಿನಲ್ಲಿ ಇತ್ತು. ಅಲ್ಲಿಗೆ ಆ ವಾದ ಮುಗಿಯಿತು. ಎಂಜಿನ್ ಆಯಿಲ್‌ಗೂ ಎಲೆಕ್ಟ್ರಿಕ್ ಸ್ಟೀರಿಂಗಿಗೂ ಏನು ಸಂಬಂಧ ಎಂದು ಕೇಳಬೇಕಾಗಿಯೂ ಬರಲಿಲ್ಲ.

ಉಳಿದದ್ದು 1,18,000ದ ಡಿಪಿಎಫ್. ಇದರಲ್ಲಿ ಕಂಪನಿಯ ಕೈಯಲ್ಲಿ ನಿಜವಾದ ಅಸ್ತ್ರ ಇತ್ತು, ಯಾಕೆಂದರೆ ಹಾಕಿದ ಆಯಿಲ್ ನಿಜವಾಗಿಯೂ ತಪ್ಪು.

ಡಿಪಿಎಫ್ ಹೊಗೆಯಲ್ಲಿನ ಮಸಿಯನ್ನು ಹಿಡಿದಿಡುವ ಜರಡಿ. ತುಂಬುತ್ತ ಬಂದಾಗ ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್, ಹೆಚ್ಚುವರಿ ಡೀಸೆಲ್ ಸಿಂಪಡಿಸಿ ಸುಮಾರು 600 ಡಿಗ್ರಿ ಶಾಖ ತರಿಸಿ ಮಸಿಯನ್ನು ಸುಡುತ್ತದೆ, ಇದೇ ರಿಜನರೇಶನ್. ಎಂಜಿನ್ ಆಯಿಲ್‌ನ ಲೋಹಾಂಶಗಳಿಂದ ಬರುವ ಬೂದಿ ಮಾತ್ರ ಒಲೆಯ ಬೂದಿಯ ಹಾಗೆ ಎಷ್ಟು ಸುಟ್ಟರೂ ಅಲ್ಲೇ ಕೂರುತ್ತದೆ. ಅದಕ್ಕೇ ಡಿಪಿಎಫ್ ಇರುವ ಗಾಡಿಗೆ ಕಡಿಮೆ ಬೂದಿಯ ಆಯಿಲ್. ಸಿ3 ದರ್ಜೆಗೆ ಸಲ್ಫೇಟೆಡ್ ಬೂದಿ (ಆಯಿಲ್‌ನ ಬೂದಿಯ ಪ್ರಮಾಣ ಹೇಳುವ ಅಳತೆ) ಶೇ. 0.8 ಮೀರುವಂತಿಲ್ಲ. ಇಲ್ಲಿ ಹಾಕಿದ ಆಯಿಲ್‌ನ ಡೇಟಾ ಶೀಟಿನಲ್ಲಿ ಶೇ. 1.4 ಇತ್ತು.

ಹೊರಗಿನ ಆಯಿಲ್, ಹೆಚ್ಚು ಬೂದಿ, ಕಟ್ಟಿದ ಡಿಪಿಎಫ್. ಕಂಪನಿಯ ಈ ಕೊಂಡಿಗೆ ಮೂರು ಕಡೆಯಿಂದ ಉತ್ತರ ಬಂತು.

ಮೊದಲನೆಯದು ಲೆಕ್ಕ. ಬೂದಿ ಡಿಪಿಎಫ್ ತಲುಪುವುದು ಮುಖ್ಯವಾಗಿ ಎಂಜಿನ್ ಸುಟ್ಟ ಆಯಿಲ್ ಮೂಲಕ. ಸರ್ವೀಸ್ ಆದ ಮೇಲೆ ಓಡಿದ್ದು 8,600 ಕಿ.ಮೀ. ಆ ಅವಧಿಯಲ್ಲಿ ಪೂರಾ 1 ಲೀಟರ್ ಆಯಿಲ್ ಸುಟ್ಟಿತು ಎಂದೇ ಇಟ್ಟುಕೊಳ್ಳಿ, ಸುಮಾರು 870 ಗ್ರಾಂ. ಶೇ. 1.4ರಂತೆ 12 ಗ್ರಾಂ ಬೂದಿ. ಸರಿಯಾದ ಆಯಿಲ್ ಆಗಿದ್ದರೂ ಶೇ. 0.8ರಂತೆ 7 ಗ್ರಾಂ. ತಪ್ಪು ಆಯಿಲ್‌ನ ಪಾಲು 5 ಗ್ರಾಂ. ಲಕ್ಷ ಕಿ.ಮೀ.ಗೂ ಮೀರಿ ಬಾಳಬೇಕಾದ ಫಿಲ್ಟರ್ 5 ಗ್ರಾಂ ಬೂದಿಗೆ ಕಟ್ಟಿಕೊಳ್ಳುವುದಿಲ್ಲ. ಅದೇ ಆಯಿಲ್ ಹತ್ತು ಸಲ ಹಾಕಿದ್ದರೆ ಈ ಲೆಕ್ಕ ಮಾಲೀಕರ ವಿರುದ್ಧವೇ ತಿರುಗುತ್ತಿತ್ತು ಎಂಬುದನ್ನೂ ಮರೆಯುವಂತಿಲ್ಲ.

ಎರಡನೆಯದು ಸರ್ವೀಸ್ ಸೆಂಟರ್ ತಾನೇ ಕಳಿಸಿದ ಸ್ಕ್ಯಾನರ್ ಪ್ರಿಂಟ್. ಅದರಲ್ಲಿದ್ದ ಕೋಡ್ ಪಿ2463, ಮಸಿ ತುಂಬಿದ್ದಕ್ಕೆ ಬರುವುದು. ಬೂದಿ ತುಂಬಿದ್ದಕ್ಕೆ ಬರುವ ಕೋಡ್ ಪಿ242ಎಫ್. ಅದು ಇರಲೇ ಇಲ್ಲ. ಕೆಳಗಿನ ಸಾಲಿನಲ್ಲಿ ಇನ್ನೊಂದಿತ್ತು, ಪಿ2453: ಡಿಪಿಎಫ್‌ನ ಒತ್ತಡ ವ್ಯತ್ಯಾಸ ಅಳೆಯುವ ಸೆನ್ಸರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂದು. ಈ ಗಾಡಿಯ ಇಸಿಯು ಕೋಡ್ ಮೊದಲು ದಾಖಲಾದ ಕಿ.ಮೀ.ಯನ್ನೂ ಇಟ್ಟುಕೊಳ್ಳುತ್ತದೆ. ಸೆನ್ಸರಿನ ಕೋಡ್ 36,200ಕ್ಕೆ, ಮಸಿಯ ಕೋಡ್ 38,400ಕ್ಕೆ. ಅಂದರೆ ಸೆನ್ಸರ್ ಮೊದಲು ಕೆಟ್ಟಿತು, ಮಸಿ ಆಮೇಲೆ ತುಂಬಿತು. ಆ ಕೋಡ್ ಇರುವಷ್ಟು ದಿನ ಈ ಎಂಜಿನ್ ತಾನಾಗಿ ರಿಜನರೇಶನ್‌ಗೆ ಇಳಿಯುವುದೂ ಇಲ್ಲ.

ಮೂರನೆಯದು ಅಲ್ಲೇ ಮಾಡಿದ ಪರೀಕ್ಷೆ. ಇಗ್ನಿಷನ್ ಆನ್, ಎಂಜಿನ್ ಆಫ್. ಹೊಗೆಯೇ ಇಲ್ಲದಾಗ ಸೆನ್ಸರ್ ಸೊನ್ನೆಯ ಹತ್ತಿರ ತೋರಿಸಬೇಕು. ಪರದೆಯ ಮೇಲೆ ಬಂದದ್ದು 32 ಮಿಲಿಬಾರ್. ಸೆನ್ಸರಿನ ಎರಡು ರಬ್ಬರ್ ಪೈಪುಗಳಲ್ಲಿ ಮುಂದಿನದನ್ನು ಬಗ್ಗಿಸಿದಾಗ ಉಗುರು ಹೋಗುವಷ್ಟು ಸೀಳು ಕಂಡಿತು. ಗ್ಯಾರೇಜಿನವರು ಆ ಕಡೆ ಕೈಯಿಟ್ಟೇ ಇರಲಿಲ್ಲ. ಡಿಪಿಎಫ್ ಬದಲಿಸಲು ಎಸ್ಟಿಮೇಟ್ ಬರೆಯುವ ಮೊದಲು ಯಾರಾದರೂ ಈ ಎರಡು ನಿಮಿಷದ ಪರೀಕ್ಷೆ ಮಾಡಿದ್ದರೆ ಪ್ರಕರಣವೇ ಇರುತ್ತಿರಲಿಲ್ಲ.

ಕಂಪನಿ ಇಲ್ಲಿ ತನ್ನ ಒಳ್ಳೆಯ ಪ್ರತಿವಾದ ಹೂಡಿತು. ಮಾಲೀಕರ ವಾಟ್ಸ್‌ಆಪ್‌ನಲ್ಲಿ, ಮೆಕ್ಯಾನಿಕ್‌ಗೆ ಕಳಿಸಿದ ಒಂದು ಫೋಟೊ ಇತ್ತು: ಹಳದಿ ಎಂಜಿನ್ ಲೈಟ್, ಮೀಟರಿನಲ್ಲಿ 34,100. ಸೆನ್ಸರ್ ದೋಷ ಹಳೆಯದು ಎಂದು ತೋರಿಸಲು ಮಾಲೀಕರೇ ಕೊಟ್ಟ ಸಾಕ್ಷಿ. ಆದರೆ ಆಗ ಮೆಕ್ಯಾನಿಕ್ ಸಣ್ಣ ಬ್ಲೂಟೂತ್ ಸ್ಕ್ಯಾನರ್ ಹಾಕಿ ಕೋಡ್ ಅಳಿಸಿ ಕಳಿಸಿದ್ದರು. ಅಳಿಸಿದ ಮೇಲೆ ಸ್ವಲ್ಪ ಕಾಲ ರಿಜನರೇಶನ್ ಶುರುವಾಗುತ್ತದೆ, 4 ಕಿ.ಮೀ. ಓಟದಲ್ಲಿ ಅರ್ಧಕ್ಕೇ ನಿಲ್ಲುತ್ತದೆ, ಸುಡದ ಡೀಸೆಲ್ ಎಂಜಿನ್ ತಳದ ಆಯಿಲ್ ತೊಟ್ಟಿಗೆ (ಸಂಪ್) ಇಳಿಯುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮ್ಯಾಕ್ಸ್ ಗೆರೆಗಿಂತ ಒಂದು ಬೆರಳು ಮೇಲಿತ್ತು. ಇಬ್ಬರ ಎದುರೇ 250 ಮಿ.ಲೀ.ನ ಎರಡು ಬಾಟಲಿಗೆ ಆಯಿಲ್ ತೆಗೆದು, ಸೀಲ್ ಮಾಡಿ, ಸಹಿ ಹಾಕಿ, ಒಂದನ್ನು ಎನ್‌ಎಬಿಎಲ್ (ಪರೀಕ್ಷಾ ಲ್ಯಾಬುಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಲ್ಯಾಬಿಗೆ ಕಳಿಸಲಾಯಿತು. ಆಯಿಲ್‌ನಲ್ಲಿ ಡೀಸೆಲ್ ಬೆರೆತದ್ದು ಶೇ. 6. ದೀಪ ಹೊತ್ತಿದಾಗಲೇ ಶೋರೂಮಿಗೆ ತಂದಿದ್ದರೆ ಒಂದು ಸೆನ್ಸರಿನಲ್ಲಿ ಮುಗಿಯುತ್ತಿತ್ತು ಎಂದು ಕಂಪನಿ ಹೇಳಿತು. ಸುಳ್ಳಲ್ಲ.

ಫಲಿತಾಂಶ

ಸ್ಟೀರಿಂಗ್ ಕಾಲಂ ವಾರಂಟಿಯಲ್ಲೇ ಬದಲಾಯಿತು. ಡೀಲರ್ ಇದನ್ನು ‘ಗುಡ್‌ವಿಲ್’ ಎಂದು ಬಿಲ್ ಮಾಡಲು ನೋಡಿದರು, ಮಾಲೀಕರು ಒಪ್ಪಲಿಲ್ಲ. ಗುಡ್‌ವಿಲ್ ಎಂದರೆ ಕಂಪನಿ ಔದಾರ್ಯದಿಂದ ಕೊಟ್ಟದ್ದು ಎಂದಾಗುತ್ತದೆ. ಅದೇ ಭಾಗ ಮತ್ತೆ ಕೆಟ್ಟರೆ ಹಕ್ಕಿನಿಂದ ಕೇಳುವುದು ಕಷ್ಟ. ಇನ್‌ವಾಯ್ಸಿನಲ್ಲಿ ‘ವಾರಂಟಿ’ ಎಂದೇ ಬಂತು.

ಒತ್ತಡ ಸೆನ್ಸರ್, ಪೈಪುಗಳು ವಾರಂಟಿ. ಹೊಸ ಸೆನ್ಸರ್ ಹಾಕಿ ನೋಡಿದಾಗ ಮಸಿ 27 ಗ್ರಾಂ, ಈ ಎಂಜಿನ್‌ಗೆ ವರ್ಕ್‌ಶಾಪ್ ರಿಜನರೇಶನ್ ಮಾಡಬಹುದಾದ ಮಿತಿಯೊಳಗೇ ಇತ್ತು. ಗಾಡಿಯನ್ನು ಕಾಂಕ್ರೀಟ್ ನೆಲದ ಮೇಲೆ ನಿಲ್ಲಿಸಿ, ಸ್ಕ್ಯಾನರಿನಿಂದ ಆದೇಶ ಕೊಟ್ಟು, ಸುಮಾರು 35 ನಿಮಿಷದಲ್ಲಿ ಮಸಿ 3 ಗ್ರಾಂಗೆ ಇಳಿಯಿತು. ಹೊಸ ಡಿಪಿಎಫ್ ಬೇಕಾಗಲೇ ಇಲ್ಲ. ರಿಜನರೇಶನ್ ಲೇಬರ್ ಗುಡ್‌ವಿಲ್. ಇದಕ್ಕೆ ಮಾಲೀಕರು ತಕರಾರು ಮಾಡಲಿಲ್ಲ, ದೀಪ ಕಂಡೂ 4,500 ಕಿ.ಮೀ. ಓಡಿಸಿದ್ದರಲ್ಲಿ ಅವರ ಪಾಲೂ ಇತ್ತು. ಸಿ3 ದರ್ಜೆಯ ಹೊಸ ಆಯಿಲ್, ಫಿಲ್ಟರ್, ಲ್ಯಾಬ್ ಶುಲ್ಕ, ಹೆಡ್‌ಲೈಟ್ ಕೆಲಸ ಮಾಲೀಕರ ಖರ್ಚು. ಕೈಯಿಂದ ಹೋದದ್ದು ಒಟ್ಟು 17,000ದ ಆಸುಪಾಸು.

ಇಷ್ಟಕ್ಕೂ ಒಪ್ಪದಿದ್ದರೆ ಮುಂದಿನ ಮೆಟ್ಟಿಲು ಜಿಲ್ಲಾ ಗ್ರಾಹಕ ಆಯೋಗ. ಕರಡು ಸಿದ್ಧವಾಗಿತ್ತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದೂರುದಾರರು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಡೀಲರ್ ಇರುವ ನಗರಕ್ಕೆ ಅಲೆಯಬೇಕಿಲ್ಲ. ಕಾರಣ ಹುಟ್ಟಿದ ದಿನದಿಂದ 2 ವರ್ಷ ಕಾಲಾವಕಾಶ. ಆನ್‌ಲೈನ್‌ನಲ್ಲೂ ಸಲ್ಲಿಸಬಹುದು. ಕೊಟ್ಟ ಬೆಲೆ 50 ಲಕ್ಷದವರೆಗಿನ ಪ್ರಕರಣ ಜಿಲ್ಲಾ ಆಯೋಗಕ್ಕೆ ಬರುತ್ತದೆ. ಆದರೆ ವಾರಂಟಿಯ ಷರತ್ತೇ ‘ಅನ್ಯಾಯದ ಒಪ್ಪಂದ’ ಎಂದು ವಾದಿಸಿದರೆ ಅದು ರಾಜ್ಯ ಆಯೋಗದ ವ್ಯಾಪ್ತಿ. ಅದಕ್ಕೇ ಕರಡಿನಲ್ಲಿ ಸೇವಾ ನ್ಯೂನತೆ ಮತ್ತು ನಿರ್ಬಂಧಿತ ವ್ಯಾಪಾರ ಪದ್ಧತಿ ಎಂದಷ್ಟೇ ಹಿಡಿಯಲಾಗಿತ್ತು. ಗಾಡಿಯ ದೋಷ ಪರೀಕ್ಷೆಯಿಲ್ಲದೆ ತೀರ್ಮಾನವಾಗದು ಎನಿಸಿದರೆ ಆಯೋಗ ಲ್ಯಾಬಿಗೆ ಕಳಿಸುತ್ತದೆ, ಶುಲ್ಕವನ್ನು ದೂರುದಾರರು ಮೊದಲು ಕಟ್ಟಬೇಕು. ಎರಡನೆಯ ಬಾಟಲಿ ಉಳಿಸಿಕೊಂಡದ್ದು ಅದಕ್ಕೆ.

ಈಗ ಆ ಗ್ಯಾರೇಜಿನಲ್ಲಿ

ವಾರಂಟಿಯಲ್ಲಿರುವ ಗಾಡಿ ಬಂದರೆ ಬಿಲ್ ಬರೆಯುವ ರೀತಿ ಬದಲಾಗಿದೆ. ದಿನಾಂಕ, ಗಾಡಿ ನಂಬರ್, ಮೀಟರ್ ರೀಡಿಂಗ್. ಆಯಿಲ್‌ನ ಬ್ರಾಂಡ್, ಗ್ರೇಡ್, ದರ್ಜೆ, ಎಷ್ಟು ಲೀಟರ್, ಬ್ಯಾಚ್ ನಂಬರ್. ಪ್ರತಿ ಬಿಡಿಭಾಗದ ಪಾರ್ಟ್ ನಂಬರ್ ಮತ್ತು ತಯಾರಕರ ಹೆಸರು. ಕ್ಯಾನಿನ ಹಿಂದಿನ ಲೇಬಲ್ ಮತ್ತು ಮೀಟರ್ ಎರಡೂ ಕಾಣುವಂತೆ ಒಂದು ಫೋಟೊ. ಹಳೆಯ ಫಿಲ್ಟರ್ ಮುಂದಿನ ಸರ್ವೀಸ್‌ವರೆಗೆ ಕವರಿನಲ್ಲಿ ಮಾಲೀಕರ ಬಳಿ. ಗ್ರೇಡ್ ಸರಿಯಿದ್ದರೆ ಸಾಲದು, ಮ್ಯಾನುಯಲ್ ಕೇಳಿದ ದರ್ಜೆಯೂ ಹೊಂದಬೇಕು. 5ಡಬ್ಲ್ಯೂ-30 ಎಂದು ಬರೆದ ಕ್ಯಾನುಗಳಲ್ಲಿ ಡಿಪಿಎಫ್‌ಗೆ ಆಗದವೂ ಅಂಗಡಿಯಲ್ಲಿ ಪಕ್ಕಪಕ್ಕದಲ್ಲೇ ಇರುತ್ತವೆ.

ಬಿಡಿಭಾಗಗಳಲ್ಲಿ ‘ಒರಿಜಿನಲ್’ ಮತ್ತು ‘ಡೂಪ್ಲಿಕೇಟ್’ ಎಂಬ ಎರಡೇ ಜಾತಿ ಎಂದು ತಿಳಿದವರೇ ಹೆಚ್ಚು. ಕಾರು ಕಂಪನಿಯ ಡಬ್ಬಿಯದು, ಅದನ್ನೇ ತಯಾರಿಸುವವರು ತಮ್ಮ ಹೆಸರಲ್ಲಿ ಮಾರುವುದು, ಬೇರೆ ತಯಾರಕರ ಯೋಗ್ಯ ಮಾಲು, ಕಂಪನಿಯ ಡಬ್ಬಿಯನ್ನೇ ನಕಲು ಮಾಡಿದ ಕಳ್ಳಮಾಲು ಎಂದು ನಾಲ್ಕಿವೆ. ಫಿಲ್ಟರ್, ಬ್ರೇಕ್ ಪ್ಯಾಡ್, ವೈಪರ್‌ನಂಥ ಸವೆಯುವ ಭಾಗಗಳಿಗೆ ಎರಡನೆಯದು ಧಾರಾಳ ಸಾಕು. ವೈರಿಂಗ್ ಕತ್ತರಿಸಿ ಜೋಡಿಸುವ ಯಾವ ಆಕ್ಸೆಸರಿಯನ್ನೂ ವಾರಂಟಿ ಮುಗಿಯುವವರೆಗೆ ಮುಟ್ಟದಿರುವುದು ಲೇಸು. ವೈರು ಕತ್ತರಿಸದೆ ಕಪ್ಲರ್‌ಗೆ ಕಪ್ಲರ್ (ವೈರಿನ ತುದಿಯ ಪ್ಲಗ್) ಸಿಕ್ಕಿಸುವುದಾದರೆ ಅಷ್ಟು ಅಪಾಯವಿಲ್ಲ. ಟೈರು, ಬ್ಯಾಟರಿಯ ವಾರಂಟಿ ಸಾಮಾನ್ಯವಾಗಿ ಅವುಗಳ ತಯಾರಕರದೇ, ಅದರ ಕಾರ್ಡ್ ಬೇರೆ ಇಟ್ಟುಕೊಳ್ಳಬೇಕು.

ಮಾಲೀಕರು 2024ರ ಮಾರ್ಚ್‌ಗೆ ಮೊದಲು ಎಕ್ಸ್‌ಟೆಂಡೆಡ್ ವಾರಂಟಿ ಕೇಳಿದಾಗ 30,000ದ ಸರ್ವೀಸ್ ದಾಖಲೆ ಇಲ್ಲವೆಂದು ಡೀಲರ್ ಕೊಡಲಿಲ್ಲ. ಇದರ ಮೇಲೆ ಜಗಳವಾಡಲು ದಾರಿಯಿರಲಿಲ್ಲ: ಮೂಲ ವಾರಂಟಿ ಗಾಡಿಯ ಬೆಲೆಯಲ್ಲೇ ಸೇರಿ ಬಂದದ್ದು, ಎಕ್ಸ್‌ಟೆಂಡೆಡ್ ವಾರಂಟಿ ಹೊಸದಾಗಿ ಹಣ ಕೊಟ್ಟು ಕೊಳ್ಳುವ ಪ್ರತ್ಯೇಕ ಕರಾರು, ಯಾರಿಗೆ ಮಾರಬೇಕೆಂಬ ಷರತ್ತು ಅದರಲ್ಲೇ ಇರುತ್ತದೆ. ನಾಲ್ಕನೆಯ ವರ್ಷಕ್ಕೂ ವಾರಂಟಿ ಬೇಕೆನ್ನುವವರು ಹೊರಗಡೆ ಸರ್ವೀಸಿಗೆ ಹೋಗುವ ಮೊದಲೇ ಅದನ್ನು ಕೊಂಡಿಡಬೇಕು. ಕೊಂಡ ಮೇಲೂ ಅದರ ಷರತ್ತುಪಟ್ಟಿಯನ್ನು ಬೇರೆಯಾಗಿ ಓದಬೇಕು, ಮೂಲ ವಾರಂಟಿಯದಕ್ಕಿಂತ ಅದು ಬಿಗಿ.